ಗುಲಾಬಿ ಮತ್ತು ಪುಟ್ಟಕ್ಕ: ಉಮಾಶ್ರೀ ಪಾತ್ರಗಳು ನಮ್ಮನ್ನು ಕೇಳುವ ಪ್ರಶ್ನೆ

ಇಶಾ ಮುಗಿಯುವ ಹೊತ್ತಿಗೆ ನಮ್ಮ ಹಲವು ಮನೆಗಳಲ್ಲಿ ಸೀರಿಯಲ್ ನಡೆಯುತ್ತಿರುತ್ತದೆ. 'ಟಿವಿ ಬಂದ್ ಮಾಡಿ, ಮಕ್ಕಳು ಓದಲಿ' ಅಂತ ನಾವು ಉಸ್ತಾದರು ಹೇಳುತ್ತಲೇ ಇರುತ್ತೇವೆ. ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ಒಬ್ಬ ನಟಿ ಮಾಡಿದ ಎರಡು ಪಾತ್ರಗಳ ಬಗ್ಗೆ ನಮ್ಮ ಗಂಡಸರು ಸ್ವಲ್ಪ ಯೋಚಿಸಬೇಕು.

ಆ ನಟಿ ಉಮಾಶ್ರೀ. ತುಮಕೂರು ಜಿಲ್ಲೆಯವರು. ರಂಗಭೂಮಿಯಲ್ಲಿ ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನಾಗಿ ಹೆಸರು ಮಾಡಿದರು. ಸಿನಿಮಾದಲ್ಲಿ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ನಗಿಸುವ ಪಾತ್ರಗಳು. 2013ರಲ್ಲಿ ತೇರದಾಳದಿಂದ ಶಾಸಕಿಯಾಗಿ ಗೆದ್ದು ಸಚಿವೆಯೂ ಆದರು. 2021ರ ಡಿಸೆಂಬರಿನಲ್ಲಿ ಜೀ ಕನ್ನಡದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಪುಟ್ಟಕ್ಕನಾಗಿ ಮನೆಮನೆಗೆ ಬಂದರು.

ಅದಕ್ಕೆ ಮೊದಲೇ ಅವರು ನಮ್ಮ ಊರಿನವಳೂ ಆಗಿದ್ದರು. ಕುಂದಾಪುರದ ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ 'ಗುಲಾಬಿ ಟಾಕೀಸ್'ನಲ್ಲಿ ಉಮಾಶ್ರೀ ಕುಂದಗನ್ನಡ ಮಾತಾಡುವ ಮುಸ್ಲಿಂ ಸೂಲಗಿತ್ತಿ. 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಈ ಪಾತ್ರಕ್ಕೇ ಬಂತು. ಹೆರಿಗೆ ಮಾಡಿಸಿದ್ದಕ್ಕೆ ಗುಲಾಬಿಗೆ ಒಂದು ಕಲರ್ ಟಿವಿ ಸಿಗುತ್ತದೆ, ಕುದ್ರುವಿನ ಹೆಂಗಸರು ಅವಳ ಮನೆಯಲ್ಲಿ ಸೇರುತ್ತಾರೆ. ಗಂಡ ಮೂಸಾ ಮಾತ್ರ ಎರಡನೇ ಹೆಂಡತಿ ಕುಂಞಿಪಾತುವಿನ ಮನೆಯಲ್ಲಿ. ಊರಿನಲ್ಲಿ ಕೋಮುದ್ವೇಷ ಹೊತ್ತಿಕೊಂಡಾಗ ಗುಲಾಬಿ ಒಂಟಿ. ಕೊನೆಗೆ ಅವಳನ್ನು ಬಲವಂತವಾಗಿ ದೋಣಿ ಹತ್ತಿಸುತ್ತಾರೆ.

ಪುಟ್ಟಕ್ಕನದೂ ಹೆಚ್ಚುಕಡಿಮೆ ಅದೇ ಪಾಡು. ಗಂಡುಮಗು ಆಗಲಿಲ್ಲ ಅಂತ ಗಂಡ ಬೇರೊಬ್ಬಳನ್ನು ಕಟ್ಟಿಕೊಳ್ಳುತ್ತಾನೆ. ಅವಳು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಒಬ್ಬಳು ಮುಸ್ಲಿಂ, ಇನ್ನೊಬ್ಬಳು ಹಿಂದೂ. ಇಬ್ಬರಿಗೂ ಗಂಡ ಇದ್ದೂ ಇಲ್ಲ.

ಪುಟ್ಟಕ್ಕನಿಗಾಗಿ ಕಣ್ಣೀರು ಹಾಕುವ ನಮ್ಮ ಮನೆಗಳ ಪಕ್ಕದಲ್ಲೇ ಗುಲಾಬಿಯರಿದ್ದಾರೆ. ತಲಾಖೂ ಇಲ್ಲ, ಖರ್ಚಿಗೂ ಇಲ್ಲ. ಬೀಡಿ ಕಟ್ಟಿ, ಮನೆಗೆಲಸ ಮಾಡಿ ಮಕ್ಕಳನ್ನು ಮದ್ರಸಕ್ಕೆ ಕಳಿಸುತ್ತಾರೆ. ಮಗುವಿಗೆ 'ಉಪ್ಪ ಎಲ್ಲಿದ್ದಾರೆ?' ಅಂತ ಕೇಳಿದರೆ ತಲೆ ತಗ್ಗಿಸುತ್ತದೆ.

ಎರಡನೇ ನಿಕಾಹ್‌ಗೆ ಅನುಮತಿ ಇದೆ ಅನ್ನುವುದು ಎಲ್ಲರಿಗೂ ಬಾಯಿಪಾಠ. ನ್ಯಾಯ ಪಾಲಿಸಲಾಗದು ಅನ್ನುವ ಭಯವಿದ್ದರೆ ಒಬ್ಬಳೇ ಸಾಕು ಎನ್ನುವ ಮಾತೂ ಸೂರಃ ಅನ್ನಿಸಾದ ಅದೇ ಆಯತ್ತಿನಲ್ಲಿದೆ. ಒಬ್ಬಳ ಕಡೆಗೇ ಪೂರ್ತಿ ವಾಲಿ ಇನ್ನೊಬ್ಬಳನ್ನು ತೂಗುಹಾಕಿ ಬಿಡಬೇಡಿ ಎಂಬ ಎಚ್ಚರಿಕೆ ಅದೇ ಸೂರಃದ 129ನೇ ಆಯತ್ತಿನಲ್ಲಿದೆ. ಇದು ಯಾಕೆ ನೆನಪಿರುವುದಿಲ್ಲ?

ಹಾಗಾಗಿ ನಮ್ಮ ಜಮಾಅತ್‌ಗಳಲ್ಲಿ ಒಂದು ವಿನಂತಿ. ಎರಡನೇ ನಿಕಾಹ್‌ನ ಮಾತು ಬಂದಾಗ, ಮೊದಲನೆಯವಳ ಮನೆಗೆ ಅಕ್ಕಿ, ಮಕ್ಕಳ ಫೀಸು, ಮದ್ದಿನ ಖರ್ಚು ಯಾರು ಕೊಡುತ್ತಾರೆ ಅಂತ ಮೊದಲು ಕೇಳಿ. ಉತ್ತರವನ್ನು ಬರೆಸಿಕೊಳ್ಳಿ. ಉಮಾಶ್ರೀ ಮಾಡಿದ್ದು ನಟನೆ. ನಮ್ಮ ಕೇರಿಯ ಗುಲಾಬಿಗೆ ಅದೇ ಬದುಕು.