ಬಿಳಿ ಕಾಗೆಗೆ ಕಲ್ಲೇಕೆ?

ತೋಟದಲ್ಲಿ ಬಿಳಿ ಕಾಗೆ ಕಂಡರೆ ಅಪಶಕುನವೆಂದು ಕಲ್ಲೆತ್ತುವವರಿದ್ದಾರೆ. ಪ್ರಿಯರೇ, ಮೊದಲು ಅದರ ಕಣ್ಣು ನೋಡಿರಿ. ಕಾಗೆಯ ಕಪ್ಪಿಗೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಹುಟ್ಟಿನಿಂದಲೇ ಅದು ಪೂರ್ತಿ ಇಲ್ಲದಿದ್ದರೆ ಗರಿ ಬೆಳ್ಳಗೆ, ಕಣ್ಣು ಕೆಂಪಗೆ. ಇದಕ್ಕೆ ತಂದೆ ತಾಯಿ ಎರಡರಿಂದಲೂ ಅದೇ ದೋಷವುಳ್ಳ ಜೀನ್ ಬರಬೇಕು. ಕಪ್ಪಾಗಿದ್ದೂ ಅದನ್ನು ಹೊತ್ತಿರುವ ಎರಡು ಕಾಗೆಗಳು ಜೋಡಿಯಾದರೂ ಪ್ರತಿ ಮರಿಗೆ ಸಾಧ್ಯತೆ ನಾಲ್ಕರಲ್ಲೊಂದು ಪಾಲು ಮಾತ್ರ. ಹುಟ್ಟಿದರೂ ಬಾಳುವುದು ಕಷ್ಟ, ಪಾಪ! ದೃಷ್ಟಿ ಮಂದ, ಬಿಸಿಲು ಕಣ್ಣಿಗಾಗದು. ಮೆಲನಿನ್ ಗರಿಗೆ ಗಟ್ಟಿತನವನ್ನೂ ಕೊಡುವುದರಿಂದ ಬಿಳಿ ಗರಿ ಬೇಗ ಸವೆಯುತ್ತದೆ. ಆದ್ದರಿಂದಲೇ ಇಂಥವು ಅಪರೂಪ.

ಮೈ ಬಿಳುಪಾಗಿ ಕಣ್ಣು ಕಪ್ಪಾಗಿದ್ದರೆ ಅದು ಬೇರೆ ಬಗೆ. ರೆಕ್ಕೆಯಲ್ಲಷ್ಟೇ ಬಿಳಿ ಪಟ್ಟೆಯಿದ್ದರೆ ಪೌಷ್ಟಿಕ ಆಹಾರದ ಕೊರತೆಯೂ ಇರಬಹುದು. ಒಳ್ಳೆಯ ಆಹಾರ ಸಿಕ್ಕರೆ ಹೊಸ ಗರಿ ಕಪ್ಪಾಗಿಯೇ ಬರುತ್ತದೆ. ಇವು ಯಾವುವೂ ಅಂಟುರೋಗವಲ್ಲ. ನಿಮ್ಮ ಕೋಳಿಗಳಿಗೆ ಹರಡುವುದಿಲ್ಲ.