ಮಡಿಚಿ ಹೊರುವ ದೋಣಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ವಿಂಡ್ ರಿವರ್ ಎಂಬ ಪರ್ವತಸಾಲು ಇದೆ. ಹಿಮನದಿಗಳು ಸಾವಿರಾರು ವರ್ಷ ಬಂಡೆಯನ್ನು ಉಜ್ಜಿ ತೋಡಿದ ಗುಂಡಿಗಳಲ್ಲಿ ಇಂದು ನೂರಾರು ಸರೋವರಗಳು ನಿಂತಿವೆ. ಹೆಚ್ಚಿನವಕ್ಕೆ ರಸ್ತೆಯಿಲ್ಲ. ಅವುಗಳಲ್ಲೊಂದಾದ ಐಲ್ಯಾಂಡ್ ಲೇಕ್ ಇರುವುದು 3,100 ಮೀಟರ್‌ಗೂ ಮೇಲೆ. ಕಾರು ನಿಲ್ಲಿಸಿದಲ್ಲಿಂದ ಹೆಚ್ಚುಕಡಿಮೆ ಒಂದು ದಿನದ ನಡಿಗೆ. ಮೀನು ಹಿಡಿಯುವ ಹವ್ಯಾಸಿಗಳು ಅಲ್ಲಿಗೆ ಬೆನ್ನಿಗೆ ಚೀಲ ಏರಿಸಿಕೊಂಡು ಹೋಗುತ್ತಾರೆ. ಡೇರೆ, ಹೊದಿಕೆ, ಊಟದ ಸಾಮಾನಿನ ಜೊತೆ ಕೆಲವರ ಚೀಲದಲ್ಲಿ ಒಂದು ದೋಣಿಯೂ ಇರುತ್ತದೆ.

ಅದರ ಹೆಸರು ಫ್ಲೋಟ್ ಟ್ಯೂಬ್. ಊರ ಬಾವಿಯಲ್ಲಿ ಲಾರಿ ಟ್ಯೂಬ್ ಹಿಡಿದು ಈಜು ಕಲಿತವರಿಗೆ ಇದರ ಪೂರ್ವಜನ ಪರಿಚಯ ಇದ್ದೇ ಇದೆ. ಮೊದಲಿನ ಫ್ಲೋಟ್ ಟ್ಯೂಬ್‌ಗಳೆಂದರೆ ಲಾರಿ ಟ್ಯೂಬಿಗೆ ಕ್ಯಾನ್ವಾಸ್ ಹೊದಿಕೆ ಹೊಲಿದು, ನಡುವೆ ಕೂರಲು ಜೋಲಿ ಕಟ್ಟಿದವು. ಈಗಿನವು ಹೆಚ್ಚಾಗಿ ಕುದುರೆಲಾಳದ ಆಕಾರದಲ್ಲಿರುತ್ತವೆ. ಕೂತವರ ಕಾಲು ನೀರಿನೊಳಗೆ ಇಳಿಬಿದ್ದಿರುತ್ತದೆ, ಪಾದಕ್ಕೆ ಬಾತುಕೋಳಿಯ ಜಾಲಪಾದದಂಥ ರಬ್ಬರ್ ಫಿನ್ ಇರುತ್ತದೆ. ನೀರನ್ನು ಒದ್ದರೆ ಟ್ಯೂಬ್ ಹಿಮ್ಮುಖವಾಗಿ ಸಾಗುತ್ತದೆ. ಹುಟ್ಟು ಹಾಕುವ ಕೆಲಸ ಕಾಲಿನದು. ಎರಡೂ ಕೈ ಗಾಳದ ಕೋಲಿಗೆ ಮೀಸಲು.

ದಡದಲ್ಲೇ ನಿಂತು ಗಾಳ ಹಾಕಬಾರದೇ? ಎಷ್ಟೋ ಕಡೆ ಅದಕ್ಕೆ ಜಾಗವೇ ಇರುವುದಿಲ್ಲ. ಒಂದು ಬದಿ ಕುಸಿದ ಬಂಡೆಗಳ ರಾಶಿ, ಇನ್ನೊಂದು ಬದಿ ಒತ್ತಾದ ಪೊದೆ. ಕೋಲನ್ನು ಹಿಂದಕ್ಕೆ ಬೀಸಿದರೆ ದಾರ ಪೊದೆಗೆ ಸಿಕ್ಕಿಕೊಳ್ಳುತ್ತದೆ. ಇತ್ತ ಮೀನುಗಳು ದಡದ ಆಳವಿಲ್ಲದ ನೀರು ಮುಗಿದು ತಳ ಒಮ್ಮೆಲೇ ಕೆಳಗಿಳಿಯುವ ಅಂಚಿನಲ್ಲಿ ಸುತ್ತುತ್ತಿರುತ್ತವೆ.

ಮೀನುಗಳೂ ಹಿಂದೊಮ್ಮೆ ಹೊರೆಯಾಗಿಯೇ ಇಲ್ಲಿಗೆ ಬಂದವು. ಕೆಳಗಿನ ಹೊಳೆಗಳಿಂದ ಜಲಪಾತ ಹತ್ತಿ ಬರಲಾಗದ್ದರಿಂದ ಇಂಥ ಎತ್ತರದ ಸರೋವರಗಳಲ್ಲಿ ಬಹುಪಾಲು ಮೀನಿಲ್ಲದೆಯೇ ಇದ್ದವು. 1930ರ ದಶಕದಲ್ಲಿ ಫಿನಿಸ್ ಮಿಚೆಲ್ ಎಂಬವರು ಟ್ರೌಟ್ ಮರಿಗಳನ್ನು ಹಾಲಿನ ಕ್ಯಾನುಗಳಲ್ಲಿ ತುಂಬಿ, ಕುದುರೆಗಳ ಮೇಲೆ ಹೇರಿ ವಿಂಡ್ ರಿವರ್ ಸಾಲಿಗೆ ಸಾಗಿಸಿದರು. ಕುದುರೆ ನಡೆದಂತೆ ಕ್ಯಾನಿನ ನೀರು ತುಳುಕುತ್ತಿತ್ತು. ತುಳುಕಿದ ನೀರಿಗೆ ಗಾಳಿಯ ಆಮ್ಲಜನಕ ಬೆರೆತು ಮರಿಗಳು ಬದುಕಿ ಉಳಿಯುತ್ತಿದ್ದವು. ಕ್ಯಾಲಿಫೋರ್ನಿಯಾದ ಕರ್ನ್ ನದಿ ಸೀಮೆಯ ಗೋಲ್ಡನ್ ಟ್ರೌಟ್ ಕೂಡ ಹೀಗೆ ಹೊರಗಿನವರ ಕೈಯಲ್ಲಿ ಈ ಬೆಟ್ಟಗಳಿಗೆ ಬಂತು. 1948ರಲ್ಲಿ ಇಲ್ಲಿನ ಕುಕ್ಸ್ ಲೇಕ್‌ನಲ್ಲಿ ಸಿಕ್ಕ ಒಂದು ಗೋಲ್ಡನ್ ಟ್ರೌಟ್ ಸುಮಾರು 5 ಕಿಲೋ ತೂಗಿ ವಿಶ್ವದಾಖಲೆಯಾಯಿತು.

ಈಗ ಹೊರೆಯ ಲೆಕ್ಕಕ್ಕೆ ಬರೋಣ. ನಡಿಗೆಗೆಂದೇ ಮಾಡಿದ ಹಗುರ ಟ್ಯೂಬ್ ಎರಡು ಮೂರು ಕಿಲೋ ತೂಗಬಹುದು. ಅದು ಇಡೀ ಮನುಷ್ಯನನ್ನು ಹೊತ್ತು ತೇಲುತ್ತದೆ. 28 ಸೆಂ.ಮೀ. ದಪ್ಪ, ಎರಡೂವರೆ ಮೀಟರ್ ಉದ್ದದ ಉರುಳೆಯೊಂದನ್ನು ಲಾಳದಂತೆ ಬಾಗಿಸಿದ್ದೇವೆ ಎಂದುಕೊಳ್ಳಿ. ಅದರ ಗಾತ್ರ ಸುಮಾರು 150 ಲೀಟರ್. ಪೂರ್ತಿ ಮುಳುಗಿದರೆ ಅಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಆರ್ಕಿಮಿಡೀಸನ ನಿಯಮದಂತೆ ಸುಮಾರು 150 ಕಿಲೋ ಭಾರವನ್ನು ಎತ್ತಿಹಿಡಿಯುವ ಬಲ ಅದಕ್ಕಿದೆ. ಒಳಗಿರುವ ಗಾಳಿಯ ತೂಕವೋ, ಆ ಎತ್ತರದಲ್ಲಿ 150 ಗ್ರಾಂ ಆಸುಪಾಸು. ತುಂಗಭದ್ರೆಯ ಹರಿಗೋಲೂ ತೇಲುವುದು ನೀರನ್ನು ಪಕ್ಕಕ್ಕೆ ತಳ್ಳಿಯೇ. ಆದರೆ ಬಿದಿರಿನ ಹೆಣಿಗೆಯನ್ನು ಮಡಿಚಲಾಗದು, ಅದರ ಗಾತ್ರವನ್ನೂ ಹೊತ್ತೇ ಒಯ್ಯಬೇಕು. ಫ್ಲೋಟ್ ಟ್ಯೂಬ್ ತನ್ನ ಗಾತ್ರವನ್ನು ಸರೋವರದ ದಡದ ಗಾಳಿಯಿಂದ ಪಡೆಯುತ್ತದೆ.

ಚೀಲ ಕಟ್ಟುವ ಜಾಣ್ಮೆಯೆಲ್ಲ ಇದೇ ದಾರಿಯದು: ಅಲ್ಲಿ ಸಿಗುವುದನ್ನು ಇಲ್ಲಿಂದ ಹೊರಬಾರದು. ಕುಡಿಯುವ ನೀರಿಗೆ ಒಂದು ಪುಟ್ಟ ಫಿಲ್ಟರ್ ಸಾಕು. ನೊಣದಂತೆ ಕಾಣುವ ಹಗುರ ಗಾಳವನ್ನು ದೂರ ಎಸೆಯಲು ಭಾರ ಬೇಕು. ಅದಕ್ಕೆ ಸೀಸದ ಗುಂಡುಗಳ ಬದಲು ಪಾರದರ್ಶಕ ಪ್ಲಾಸ್ಟಿಕ್ಕಿನ ಟೊಳ್ಳು ಬುರುಡೆ ಒಯ್ಯುತ್ತಾರೆ, ಸರೋವರದ ನೀರನ್ನೇ ತುಂಬಿ ದಾರಕ್ಕೆ ಕಟ್ಟುತ್ತಾರೆ. ಗಾಳದ ಕೋಲು ನಾಲ್ಕು ತುಂಡುಗಳದ್ದು. ಫಿನ್‌ಗಳು ಚೀಲದ ಹೊರಬದಿಗೆ, ಒಂದರ ಮೇಲೊಂದು ಒರಗಿಸಿ ಕಟ್ಟಿದವು.

ಗಾಳಿ ತುಂಬುವುದಕ್ಕೂ ಪಂಪು ಬೇಡ. ಬಾಯಿಂದ 150 ಲೀಟರ್ ಊದಬೇಕೆಂದರೆ ಕನಿಷ್ಠ ಐವತ್ತು ಅರವತ್ತು ದೀರ್ಘ ಉಸಿರು ಬೇಕು. ಗಾಳಿ ತೆಳುವಾದ ಆ ಎತ್ತರದಲ್ಲಿ ಅಷ್ಟರಲ್ಲೇ ತಲೆ ಸುತ್ತಿ ಬರುತ್ತದೆ. ಅದಕ್ಕೇ ತೆಳು ನೈಲಾನಿನ ಉದ್ದ ಚೀಲವೊಂದನ್ನು ಟ್ಯೂಬಿನ ಬಾಯಿಗೆ ಸಿಕ್ಕಿಸಿ, ಗಾಳಿಗೆ ಒಡ್ಡಿ ತುಂಬಿಸಿ, ಬಾಯಿ ಸುರುಳಿ ಸುತ್ತಿ ಹಿಂಡುತ್ತಾರೆ. ಕೊನೆಯ ಬಿಗಿಗೆ ಮಾತ್ರ ಬಾಯಿ.

ಆ ಬಿಗಿಯಲ್ಲೇ ಇದರ ಸೂಕ್ಷ್ಮ ಇರುವುದು. ಅಲ್ಲಿನ ವಾಯುಒತ್ತಡ ಸಮುದ್ರಮಟ್ಟದ ಶೇ. 70ರ ಹತ್ತಿರ, ಅಂದರೆ ಸುಮಾರು 70 ಕಿಲೋಪಾಸ್ಕಲ್. ಟ್ಯೂಬ್ ಗಟ್ಟಿಯಾಗಿ ನಿಲ್ಲಲು ಒಳಗೆ ಅದಕ್ಕಿಂತ 7 ಹೆಚ್ಚಿದ್ದರೆ ಸಾಕು, ಒಟ್ಟು 77. ಮಧ್ಯಾಹ್ನ 27 ಡಿಗ್ರಿ ಬಿಸಿಲಲ್ಲಿ ತುಂಬಿದ ಈ ಗಾಳಿ 10 ಡಿಗ್ರಿಯ ನೀರಿಗೆ ಇಳಿದು ಪೂರ್ತಿ ತಣಿದರೆ ಒಟ್ಟು ಒತ್ತಡ 73ರ ಒಳಕ್ಕೆ ಇಳಿಯುತ್ತದೆ. ಒಟ್ಟಿನಲ್ಲಿ ನೋಡಿದರೆ ಅಲ್ಪ ಇಳಿಕೆ, ಆದರೆ ಬಿಗಿ ಕೊಡುವ ಆ 7ರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು! ಟ್ಯೂಬ್ ತೂತಾಗಿಲ್ಲ, ಮೆತ್ತಗಾಗಿದೆ. ಪಳಗಿದವರು ಅದನ್ನು ಮೊದಲು ನೀರಿಗೆ ತಾಗಿಸಿ, ತಣಿದ ಮೇಲೆ ಮತ್ತೆ ಕೆಲವು ಉಸಿರು ಊದುತ್ತಾರೆ. ಊಟಕ್ಕೆ ದಡಕ್ಕೆ ಬಂದಾಗ ಅಷ್ಟೇ ಗಾಳಿಯನ್ನು ಹೊರಬಿಡಬೇಕು. ಬಿಸಿಲು ಕಾಯ್ದ ಬಂಡೆಯ ಮೇಲೆ ಗಾಳಿ 40 ಡಿಗ್ರಿಗೇರಿದರೆ ಬಿಗಿ ಎರಡು ಪಟ್ಟು ದಾಟಿ ಹೊಲಿಗೆ ಬಿಚ್ಚಿಕೊಳ್ಳಬಹುದು.

ಹಗುರ ಟ್ಯೂಬುಗಳು ಸಣಕಲಾಗಿರುವುದಕ್ಕೂ ಕಾರಣವಿದೆ. ಬಟ್ಟೆಯ ಮೇಲಿನ ಎಳೆತ ಒತ್ತಡದ ಜೊತೆಗೆ ದಪ್ಪವನ್ನೂ ಅವಲಂಬಿಸುತ್ತದೆ. ಈ 28 ಸೆಂ.ಮೀ. ಟ್ಯೂಬಿನ ಹೊಲಿಗೆಯ ಒಂದೊಂದು ಸೆಂಟಿಮೀಟರ್ ಸುಮಾರು ಒಂದು ಕಿಲೋ ಭಾರ ತಡೆಯುತ್ತಿರುತ್ತದೆ. ದಪ್ಪ ಅರ್ಧವಾದರೆ ಎಳೆತವೂ ಅರ್ಧ. ಇನ್ನೂ ತೆಳು ಬಟ್ಟೆ ಸಾಕಾಗುತ್ತದೆ.

ಹಗುರ ಮಾಡುವ ಉತ್ಸಾಹದಲ್ಲಿ ಕೈಬಿಡಬಾರದ್ದು ಲೈಫ್ ಜಾಕೆಟ್. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸೆಳೆಯುತ್ತದೆ. ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಹಿಮದಂಥ ನೀರಿಗೆ ಬಿದ್ದವರಿಗಾಗಿ 1-10-1 ಎಂಬ ಸೂತ್ರ ಕೊಟ್ಟಿದ್ದಾರೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವ ಮುನ್ನ ಸುಮಾರು 1 ಗಂಟೆ. ಆ ಹತ್ತು ನಿಮಿಷದ ಆಚೆ ಮುಖ ನೀರಿನ ಮೇಲಿರುವಂತೆ ನೋಡಿಕೊಳ್ಳುವುದು ಜಾಕೆಟ್ಟೇ. ಬೆಟ್ಟದ ಗಾಳಿ ಮಧ್ಯಾಹ್ನ ಏಳುತ್ತದೆ, ಅದರ ವೇಗ ಎರಡು ಪಟ್ಟಾದರೆ ಟ್ಯೂಬನ್ನು ತಳ್ಳುವ ಬಲ ನಾಲ್ಕು ಪಟ್ಟು. ಫಿನ್ ಒದೆಯುವ ಕಾಲು ಅದಕ್ಕೆ ಸಾಟಿಯಲ್ಲ. ನೀರು ಅಲುಗದ ಬೆಳಗೇ ಇದರ ಹೊತ್ತು.

ಹಿಂದಿರುಗುವ ದಿನ ಟ್ಯೂಬನ್ನೂ ಫಿನ್ನನ್ನೂ ಬಂಡೆಯ ಮೇಲೆ ಹರಡಿ ಒಣಗಿಸುತ್ತಾರೆ. ಒದ್ದೆ ಬಟ್ಟೆ ಭಾರ ಎಂಬುದು ಒಂದು ಕಾರಣ. ಒಂದು ಸರೋವರದ ಹನಿಯಲ್ಲಿ ಅಡಗಿದ ರೋಗಾಣು ಇನ್ನೊಂದಕ್ಕೆ ಹೋಗಬಾರದು ಎಂಬುದು ದೊಡ್ಡ ಕಾರಣ. ಹೊರಗಿನಿಂದ ತಂದದ್ದರ ಪರಿಣಾಮವನ್ನು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಕಂಡಿದೆ. ಅಲ್ಲಿ ತಂದುಬಿಟ್ಟ ಟ್ರೌಟ್‌ಗಳು ಗೊದಮೊಟ್ಟೆಗಳನ್ನು ತಿಂದು ಎಷ್ಟೋ ಸರೋವರಗಳಿಂದ ಕಪ್ಪೆಗಳನ್ನೇ ಇಲ್ಲವಾಗಿಸಿದವು; ಯೊಸೆಮಿಟಿ ಉದ್ಯಾನದಲ್ಲಿ ಮೀನು ಬಿಡುವುದು 1991ರಲ್ಲಿ ನಿಂತಿತು. ಟ್ಯೂಬ್ ಒಣಗಿದ ಮೇಲೆ ಬಿರಡೆ ತೆಗೆದು, ಮೊಣಕಾಲೂರಿ ಒಂದು ತುದಿಯಿಂದ ಸುತ್ತುತ್ತ ಬರುತ್ತಾರೆ. 150 ಲೀಟರ್ ಗಾಳಿ ಸುಯ್ಯೆಂದು ಬೆಟ್ಟಕ್ಕೇ ಮರಳುತ್ತದೆ, ಉಳಿದ ಸುರುಳಿ ಚೀಲದ ಮೂಲೆ ಸೇರುತ್ತದೆ.