ಹೊಸ ವಿಂಡೋಸ್‌ನಲ್ಲಿ ಹಳೆ ಮೇಲ್

2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಿತು. ಚಿಕ್ಕಪ್ಪನ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಿಗೂ ವಿಂಡೋಸ್ 7 ಹಾಕಬೇಕಾಯಿತು. ‘ನನ್ನ ಮೇಲ್ ಗತಿ ಏನೋ?’ ಎಂಬುದೊಂದೇ ಅವರ ಚಿಂತೆ. 8 ವರ್ಷಗಳ ಆರ್ಡರು, ಬಾಕಿ ಲೆಕ್ಕ ಎಲ್ಲವೂ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿದ್ದವು. ವಿಂಡೋಸ್ 7ರಲ್ಲಿ ಆ ಪ್ರೋಗ್ರಾಮೇ ಇಲ್ಲ. ಮೇಲ್ ಕಂಪ್ಯೂಟರಿಗೆ ಇಳಿದೊಡನೆ ಸರ್ವರ್‌ನಿಂದ ಅಳಿಸಿಹೋಗುತ್ತಿದ್ದರಿಂದ ಬೇರೆಲ್ಲೂ ಕಾಪಿ ಇರಲಿಲ್ಲ.

ಆಗ ನಾನು ಡಿಗ್ರಿ ವಿದ್ಯಾರ್ಥಿ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಇನ್‌ಬಾಕ್ಸ್, ಸೆಂಟ್ ಹೀಗೆ ಪ್ರತಿ ಫೋಲ್ಡರಿಗೂ ಒಂದೊಂದು ಡಿಬಿಎಕ್ಸ್ ಫೈಲ್ ಇರುತ್ತದೆ. ಹಿಡನ್ ಫೋಲ್ಡರಿನಲ್ಲಿದ್ದ ಆ ಫೈಲುಗಳನ್ನು ಹುಡುಕಿ, ಅಡ್ರೆಸ್ ಬುಕ್ ಜೊತೆ 2 ಪೆನ್‌ಡ್ರೈವ್‌ಗಳಿಗೆ ಕಾಪಿ ಮಾಡಿದ ಮೇಲೆಯೇ ಹೊಸ ವಿಂಡೋಸ್ ಹಾಕಿದ್ದು.

ವಿಂಡೋಸ್ 7 ಪ್ರೊಫೆಷನಲ್‌ಗೆ ‘ಎಕ್ಸ್‌ಪಿ ಮೋಡ್’ ಉಚಿತವಾಗಿ ಸಿಗುತ್ತಿತ್ತು. ಕಂಪ್ಯೂಟರಿನೊಳಗೇ ಇನ್ನೊಂದು ಎಕ್ಸ್‌ಪಿ ಇದ್ದಂತೆ ಅದು. ಅಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು ಫೈಲುಗಳನ್ನು ಇಂಪೋರ್ಟ್ ಮಾಡಿದೆ. ಎಲ್ಲ ಮೇಲ್‌ಗಳೂ ಬಂದವು! ಅದಕ್ಕೂ ಬೆಂಬಲ ನಿಂತಿದ್ದರಿಂದ ಇಂಟರ್‌ನೆಟ್ ಸಂಪರ್ಕ ತೆಗೆದು, ಹಳೆಯದನ್ನು ಓದಲಷ್ಟೇ ಉಳಿಸಿಕೊಂಡೆವು. ಹೊಸ ಮೇಲ್‌ಗೆ ಥಂಡರ್‌ಬರ್ಡ್ ಹಾಕಿಕೊಟ್ಟೆ.

ಮರುತಿಂಗಳೇ ಗಿರಾಕಿಯೊಬ್ಬರು ಹಳೆ ಬಾಕಿಗೆ ತಕರಾರು ತೆಗೆದರು. ಅವರೇ ಕಳಿಸಿದ್ದ ಮೇಲ್ ತೋರಿಸಿದಾಗ ಹಣ ಬಂತು.

ಗೆಳೆಯರೇ, ನಿಮ್ಮ ಅಂಕಪಟ್ಟಿ, ಆಫರ್ ಲೆಟರ್‌ಗಳು ಕಾಲೇಜಿನ ಮೇಲ್ ಐಡಿಯಲ್ಲೇ ಇವೆಯೇ? ಕೋರ್ಸ್ ಮುಗಿದ ಮೇಲೆ ಆ ಐಡಿ ನಿಲ್ಲಬಹುದು. ಇಂದೇ ಒಂದು ಕಾಪಿ ಇಟ್ಟುಕೊಳ್ಳಿ.